ಮಾಲಿನ ಬಾಗಿಲಲ್ಲಿ ಅವ್ವನ ಚಪ್ಪಲಿ

ಚಪ್ಪಲಿಯನ್ನು ಎಲ್ಲಿ ಬಿಡಬೇಕೆಂಬ ವಿಷಯದಲ್ಲಿ ನಮ್ಮ ಮನೆತನದಲ್ಲಿ ಎಂದೂ ಭಿನ್ನಾಭಿಪ್ರಾಯವಿರಲಿಲ್ಲ. ಸೋಲಾಪುರದ ಹಳೆಯ ಪೇಟೆಯಲ್ಲಿ ಮೂರು ತಲೆಮಾರಿನಿಂದ ಸೀರೆ ಮಾರಿಕೊಂಡು ಬಂದ ನಮಗೆ ಅಂಗಡಿಯೆಂದರೆ ಬಿಳಿ ಬಟ್ಟೆ ಹಾಸಿದ ಗಾದಿ. ಗಿರಾಕಿ ಎಂಥ ಸಿರಿವಂತನಾಗಿರಲಿ, ಕೆಳಗೆ ಚಪ್ಪಲಿ ಬಿಟ್ಟು, ಮೇಲೆ ಬಂದು, ಕಾಲು ಮಡಚಿ ಕೂತ ಮೇಲೆಯೇ ಮಾತು. ದೀಪಾವಳಿಯ ದಿನಗಳಲ್ಲಿ ನಮ್ಮ ಮೆಟ್ಟಿಲ ಬಳಿ ಬಿದ್ದ ಚಪ್ಪಲಿಯ ರಾಶಿ ನೋಡಿಯೇ ಎದುರಂಗಡಿಯವರು ಹೊಟ್ಟೆ ಉರಿಸಿಕೊಳ್ಳುತ್ತಿದ್ದರು.

ಆದ್ದರಿಂದ, ಊರಾಚೆಯ ಹೊಸ ಬಡಾವಣೆಯಲ್ಲಿ ಗಾಜಿನ ಮಾಲೊಂದು ತಲೆಯೆತ್ತಿದಾಗ, ಬೂಟು ಹಾಕಿಕೊಂಡೇ ಒಳನುಗ್ಗುವಂಥ ಸ್ಥಳದಲ್ಲಿ ಲಕ್ಷ್ಮಿ ನಿಲ್ಲಲಾರಳೆಂದು ನಾನು ಗಾದಿಗೆ ಒರಗಿ ಭವಿಷ್ಯ ನುಡಿದೆ. ನುಡಿಸಿದ್ದು ಜ್ಯೋತಿಷವಲ್ಲ, ಮತ್ಸರ. ನಿಮ್ಮೆದುರು ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ. ದುರ್ದೈವವೆಂದರೆ ಭವಿಷ್ಯ ಫಲಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಆಟಿಕೆಯಂಗಡಿ ಹೋಯಿತು, ತಿಂಡಿಯಂಗಡಿಗಳ ಕಡೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದರು, ಎಸ್ಕಲೇಟರ್ ನಡುದಾರಿಯಲ್ಲಿ ನಿಂತೇಬಿಟ್ಟಿತು. ಈ ಸುದ್ದಿಗಳನ್ನೆಲ್ಲ ನಾನು ಮಧ್ಯಾಹ್ನದ ಚಹಾದೊಂದಿಗೆ ಸವಿಯುತ್ತಿದ್ದೆ.

ಅಷ್ಟರಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಶಸ್ತ್ರಕ್ರಿಯೆಯಾಗಿ ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ದಿನವೂ ಸಮತಟ್ಟಾದ ನೆಲದ ಮೇಲೆ ನಡೆಯಲೇಬೇಕು, ಇಲ್ಲವಾದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ನಮ್ಮ ಓಣಿಯಲ್ಲಿ ಸಮತಟ್ಟಾದದ್ದು ಅಂಗಡಿಯ ಗಾದಿಯೊಂದೇ. ಅಕ್ಕಲಕೋಟೆ ಕಡೆಯ ಹೊಲದ ಬದುಗಳ ಮೇಲೆ ತಲೆಮೇಲೆ ಬುತ್ತಿ ಹೊತ್ತು ನಡೆದು ಬೆಳೆದವಳು ಈಗ ಕೋಲು ಹಿಡಿದೂ ಅಂಗಳ ದಾಟಲು ಅಂಜುತ್ತಿದ್ದಳು. ನಾಗರ ಪಂಚಮಿಗೆ ತವರಿಗೆ ಹೋಗುವುದಾದರೆ ತನ್ನ ಕಾಲ ಮೇಲೆಯೇ ಹೊಸ್ತಿಲು ದಾಟುತ್ತೇನೆ, ಎತ್ತಿಕೊಂಡು ಹೋಗುವುದಾದರೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದಳು. ಅವಳ ಮುಖ ನೋಡಲಾರದೆ, ಹೆಂಡತಿಯ ಸಲಹೆಯಂತೆ, ಅಭಿಮಾನವನ್ನು ಗೂಟಕ್ಕೆ ತೂಗುಹಾಕಿ ಒಂದು ದಿನ ಅವಳನ್ನು ಶತ್ರುವಿನ ಮನೆಗೇ ಕರೆದೊಯ್ದೆ. ಮಾಲಿಗೆ ಒಪ್ಪಲೆಂದು ನಾನು ಮದುವೆ ಮುಂಜಿಗಳಿಗೆ ಮೀಸಲಾದ ಬೂಟು ಹಾಕಿಕೊಂಡಿದ್ದೆ.

ಗಾಜಿನ ಬಾಗಿಲಲ್ಲಿ ಅವ್ವ ಮಾಡಿದ ಮೊದಲ ಕೆಲಸವೆಂದರೆ ಚಪ್ಪಲಿ ಬಿಟ್ಟದ್ದು. ನಾನು ಅತ್ತಿತ್ತ ನೋಡಿ, ಇಲ್ಲಿ ಬಿಡಬೇಕಾಗಿಲ್ಲವೆಂದು ಪಿಸುಗುಟ್ಟಿದೆ.

"ಇದೂ ಅಂಗಡೀನ ಅಲ್ಲೇನೋ? ನಿಮ್ಮಪ್ಪನ ಗಾದಿಗಷ್ಟ ಲಕ್ಷ್ಮಿ ಬರ್ತಾಳೇನು?" ಎಂದಳು ಅವ್ವ.

ಬಾಗಿಲು ಕಾಯುತ್ತಿದ್ದವನು ಹೋಟಗಿಯ ಸಿದ್ರಾಮಪ್ಪ. ಅಲ್ಲಿಯವರೆಗೆ ನಮ್ಮೊಡನೆ ಮರಾಠಿಯಲ್ಲಿ ಬಿಗುವಾಗಿ ಮಾತಾಡಿದವನು ಈ ಕನ್ನಡ ಕಿವಿಗೆ ಬಿದ್ದದ್ದೇ ಎದ್ದು ನಿಂತು, ಚಪ್ಪಲಿಗಳನ್ನು ತನ್ನ ಸ್ಟೂಲಿನ ಕೆಳಗೆ ಜೋಡಿಸಿಟ್ಟ. ಅಂದಿನಿಂದ ಅದೇ ಅವುಗಳ ಸ್ಥಾನವಾಯಿತು.

ನಾವು ದಿನವೂ ಹೋಗತೊಡಗಿದೆವು. ತಳ್ಳುವವರಿಲ್ಲ, ನೂಕುವವರಿಲ್ಲ, ಎರಡೂ ಬದಿಗೆ ಮುಚ್ಚಿದ ಅಂಗಡಿಗಳು, ನಡುವೆ ರಾಜಬೀದಿಯಂಥ ನುಣುಪು ನೆಲ. ಬರಿಗಾಲಿನ ಅವ್ವ ಒಮ್ಮೆಯೂ ಜಾರಲಿಲ್ಲ. ಬೂಟಿನ ನಾನು ಎರಡು ಸಲ ಜಾರಿದೆ. ನಿಂತ ಎಸ್ಕಲೇಟರಿನ ಕೈಪಟ್ಟಿಗೆ ಕೋಲು ತೂಗುಹಾಕಿ ಮೊದಲು ನಾಲ್ಕು ಹೆಜ್ಜೆ, ಆಮೇಲೆ ಆಟಿಕೆಯಂಗಡಿಯವರೆಗೆ, ಆಮೇಲೆ ಒಂದು ಪೂರ್ತಿ ಸುತ್ತು. ಸುತ್ತು ಮುಗಿಸಿ ಬಂದರೆ ಸಿದ್ರಾಮಪ್ಪ ಸ್ಟೂಲು ಬಿಟ್ಟುಕೊಡುತ್ತಿದ್ದ, ಅವ್ವ ಕೂತು ಅವನ ಹೊಲದ ಜೋಳದ ಯೋಗಕ್ಷೇಮ ವಿಚಾರಿಸುತ್ತಿದ್ದಳು.

ಮಾಲು ಪೂರ್ತಿ ಮುಚ್ಚುತ್ತದೆಂಬ ಸುದ್ದಿಯೂ ಬಂತು. ಯಾವುದರ ಅವಸಾನವನ್ನು ಬಯಸಿದ್ದೆನೋ ಅದರ ಆಯುಸ್ಸಿಗಾಗಿ ಈಗ ದೇವರಲ್ಲಿ ಬೇಡಿಕೊಳ್ಳತೊಡಗಿದೆ. ಬೇಡಿಕೊಂಡರೆ ಸಾಲದೆಂದು, ಕೊನೆಯದಾಗಿ ಉಳಿದಿದ್ದ ಬಟ್ಟೆಯಂಗಡಿಯಲ್ಲಿ ಮೂರು ಅಂಗಿಗಳನ್ನೂ ಕೊಂಡೆ. ಜವಳಿ ವ್ಯಾಪಾರಿಯೇ ಮಾಲಿನಲ್ಲಿ ಜವಳಿ ಕೊಂಡನೆಂಬ ವಾರ್ತೆ ಪೇಟೆಗೆ ಮುಟ್ಟಿದರೆ ತಲೆಯೆತ್ತಿ ತಿರುಗುವುದೆಂತು? ಆ ಅಂಗಿಗಳು ಇಂದಿಗೂ ಕಪಾಟಿನಲ್ಲಿ ಅಜ್ಞಾತವಾಸದಲ್ಲಿವೆ. ಅಷ್ಟು ದೊಡ್ಡ ಕಟ್ಟಡಕ್ಕೆ ಮೂರು ಅಂಗಿಯ ಆಸರೆ ಸಾಲಲಿಲ್ಲ.

ಕೊನೆಯ ದಿನ ಅವ್ವ ಶೇಂಗಾ ಹೋಳಿಗೆ ಮಾಡಿಸಿಕೊಂಡು ಹೋಗಿ, ಇದ್ದ ನಾಲ್ಕು ಜನರಿಗೂ ಹಂಚಿದಳು. ಹೊರಡುವಾಗ ಯಾರ ಕೈಯನ್ನೂ ಹಿಡಿಯದೆ ಬಗ್ಗಿ, ಗಾಜಿನ ಬಾಗಿಲ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸಿದ್ರಾಮಪ್ಪ ಸ್ಟೂಲಿನ ಕೆಳಗಿನ ಚಪ್ಪಲಿ ತೆಗೆದು ಅವಳ ಕಾಲ ಮುಂದಿಟ್ಟ.

ಪಂಚಮಿ ಬಂತು. ಅವ್ವ ಅಕ್ಕಲಕೋಟೆಯ ಬಸ್ಸು ಹತ್ತಿ ತವರಿಗೆ ಹೋಗಿ, ವಾರವಿದ್ದು ಮರಳಿದಳು. ಮರಳಿದ ದಿನ, ಚೀಲ ಇಳಿಸಿ, ತನ್ನ ಕೋಲೆಲ್ಲಿ ಎಂದು ಕೇಳಿದಳು. ಮನೆಯೆಲ್ಲ ತಡಕಿದೆವು. ಅದಿಲ್ಲದೆಯೇ ಅವಳು ಇಷ್ಟು ದಿನ ಓಡಾಡಿದ್ದು ಅವಳಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಮರುದಿನ ಮಾಲಿಗೆ ಹೋದೆವು. ಬಾಗಿಲಿಗೆ ಸರಪಳಿ ಬಿಗಿದಿತ್ತು. ಬರಿಯ ಕಟ್ಟಡ ಕಾಯಲು ಉಳಿದಿದ್ದ ಸಿದ್ರಾಮಪ್ಪ ಹೊರಗೆ ಕೂತಿದ್ದ. ಅವ್ವ ರೂಢಿಯಂತೆ ಚಪ್ಪಲಿ ಬಿಟ್ಟು ಗಾಜಿಗೆ ಹಣೆ ಹಚ್ಚಿ ನೋಡಿದಳು. ಒಳಗೆ ಕೈಪಟ್ಟಿಗೆ ಅವಳ ಕೋಲು ಇಟ್ಟಂತೆಯೇ ತೂಗುತ್ತಿತ್ತು. ಕೀಲಿ ತರುತ್ತೇನೆಂದು ಸಿದ್ರಾಮಪ್ಪ ಎದ್ದ. ಅವ್ವ ಅವನನ್ನು ತಡೆದಳು.

"ಇರ್ಲಿ ಬಿಡಪಾ. ಈ ಅಂಗಡಿ ನನ್ನ ನಡಿಸಿ ಕಳಿಸ್ಯಾದ. ಇನ್ನ ಅದಕ್ಕ ಆಸರಿ ಬೇಕು."

ನಾನು ಹಾಗೆಯೇ ಬಗ್ಗಿ ಬೂಟಿನ ಲಾಡಿ ಬಿಚ್ಚಿ, ಬೂಟುಗಳನ್ನು ಅವಳ ಚಪ್ಪಲಿಯ ಪಕ್ಕದಲ್ಲಿ ಇಟ್ಟೆ.