ಒಂಬತ್ತು ಪಾಯಿಂಟ್ ಎಂಟು

ಹಾಸನದ ಸಣ್ಣ ಆಫೀಸೊಂದರಲ್ಲಿ ನನ್ನ ಕೆಲಸ. ಹಳ್ಳಿ ಡೈರಿಗಳಲ್ಲಿ ಹಾಲಿನ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಅದರಲ್ಲಿ ಕಳ್ಳರು ನುಗ್ಗುವಂಥ ದೋಷ ಸಿಕ್ಕಿದರೆ ಡೈರಿಗಳ ಮೊಬೈಲಿಗೆ ನೋಟಿಸ್ ಹೋಗುತ್ತದೆ. ಒಂದು ಸಲ ಹೋದದ್ದು ಇಷ್ಟೇ: ‘ತೀವ್ರತೆ 9.8/10. ಅಪ್‌ಡೇಟ್ ಮಾಡಿಕೊಳ್ಳಿ.’ ಹತ್ತಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು. ಅದನ್ನು ಯಾರೂ ಬರೆಯಲಿಲ್ಲ. ನಮ್ಮ ಆಫೀಸಿಗೆ ಗೊತ್ತಿದ್ದರೆ ಜಗತ್ತಿಗೇ ಗೊತ್ತಿದ್ದಂತೆ.

ಕೆಲವು ದಿನಗಳಲ್ಲೇ ಅರಕಲಗೂಡು ಕಡೆಯ ಮಹಿಳಾ ಡೈರಿಯಿಂದ ಫೋನ್ ಬಂತು. ಯಾರೋ ಎಲ್ಲಿಂದಲೋ ಅವರ ಕಂಪ್ಯೂಟರಿಗೆ ಬೀಗ ಹಾಕಿದ್ದರು. ಯಾರು ಎಷ್ಟು ಹಾಲು ಹಾಕಿದ್ದರೆಂಬುದೆಲ್ಲ ಅದರೊಳಗೇ ಇತ್ತು. ಬಸ್ ಹತ್ತಿ ಹೋದೆ.

ಸೆಕ್ರೆಟರಿ ನಮ್ಮಮ್ಮನ ವಯಸ್ಸಿನವರು. ನಮ್ಮ ನೋಟಿಸನ್ನು ಪ್ರಿಂಟ್ ಹಾಕಿಸಿ, ಮೂಲೆಗೆ ಕುಂಕುಮ ಹಚ್ಚಿ ಗೋಡೆಗೆ ಅಂಟಿಸಿದ್ದರು.

“ಇದ್ಯಾಕಮ್ಮ ಇಲ್ಲಿ?”

“ನಮ್ ಡೈರಿಗೆ ಒಂಬತ್ ಪಾಯಿಂಟ್ ಎಂಟ್ ಬಂದಿತ್ತಲ್ಲಾ ಸಾ. ಎಲ್ರೂ ನೋಡ್ಲಿ ಅಂತ ಆಕಿವ್ನಿ.”

ಡೈರಿಯಲ್ಲಿ ಹಾಲಿನ ಗಟ್ಟಿತನ ಅಳೆಯುವ ಯಂತ್ರ ಎಂಟೂವರೆ ತೋರಿಸಿದರೆ ಪಾಸು. ಒಂಬತ್ತು ಬಂದರೆ ಹಾಲು ಹಾಕಿದವಳು ಚೀಟಿಯನ್ನು ದಾರಿಯುದ್ದಕ್ಕೂ ತೋರಿಸಿಕೊಂಡು ಹೋಗುತ್ತಾಳೆ. ಒಂಬತ್ತು ಪಾಯಿಂಟ್ ಎಂಟು ಅಲ್ಲಿ ಯಾರಿಗೂ ಬಂದಿರಲಿಲ್ಲ.

ಅದು ಅಪಾಯದ ಅಂಕಿ, ಅಪ್‌ಡೇಟ್ ಮಾಡದ್ದಕ್ಕೇ ಕಳ್ಳರು ನುಗ್ಗಿದ್ದು ಎಂದೆ. ಅವರು ಕ್ಯಾನಿನ ಪಕ್ಕ ಕೂತುಬಿಟ್ಟರು.

“ಅಂಗಾರೆ ನನ್ ಕೆಲ್ಸ ಓಯ್ತು ಕಣಪ್ಪ. ಓಗ್ಲಿ. ಈ ನಂಬರಿನ್ ಇಸ್ಯ ಮಾತ್ರ ಊರಾಗೆ ಯೋಳ್ಬ್ಯಾಡ, ನಗ್ತಾರೆ.”

ಅಯ್ಯೋ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಅವರು ಕೊಟ್ಟ ಕಾಫಿ ಕುಡಿದೆ. ಬೀಗ ತೆಗೆಯಲು ನನ್ನಿಂದಾಗಲಿಲ್ಲ. ಡೈರಿಯ ಹೆಂಗಸರು ಅವರನ್ನು ಕೆಲಸದಿಂದ ತೆಗೆದರು, ಹೊಸ ಕಂಪ್ಯೂಟರ್ ತಂದರು. ಅಂಕಿಯ ವಿಷಯ ನಾನು ಬಾಯಿ ಬಿಡಲಿಲ್ಲ. ನೋಟಿಸ್ ಗೋಡೆಯ ಮೇಲೆ ಹಾಗೇ ಉಳಿಯಿತು.

ಆಫೀಸಿನಲ್ಲಿ, ಅಂಕಿ ಬೇಡ, ‘ಕಳ್ಳ ನುಗ್ಗುತ್ತಾನೆ, ಇವತ್ತೇ ಅಪ್‌ಡೇಟ್ ಮಾಡಿ’ ಎಂದು ಬರೆಯೋಣ ಎಂದೆ. ಎಲ್ಲಾ ದೇಶದಲ್ಲೂ ಅಂಕಿಯೇ ನಡೆಯುತ್ತದೆ ಎಂದರು ಮ್ಯಾನೇಜರ್. ಜಗಳ ಆಡಬಹುದಿತ್ತು. ಊಟದ ಹೊತ್ತಾಗಿತ್ತು, ಡಬ್ಬಿ ತೆರೆದೆ.

ಮೊನ್ನೆ ಇನ್ನೊಂದು ನೋಟಿಸ್ ಹೋಯಿತು, 9.1. ಈ ಸಲ ಆ ಡೈರಿಗೆ ನಾನೇ ಫೋನ್ ಮಾಡಿದೆ. ನಾನು ಬಾಯಿ ತೆಗೆಯುವ ಮೊದಲೇ ಹೊಸ ಸೆಕ್ರೆಟರಿ ಶುರು ಮಾಡಿದಳು.

“ನೋಟೀಸ್ ನೋಡ್ದೆ ಸಾ. ಬೇಜಾರ್ ಮಾಡ್ಕಬ್ಯಾಡಿ. ಇಂದ್ಲೋರ್ಗೆ ಒಂಬತ್ ಪಾಯಿಂಟ್ ಎಂಟ್ ಬಂದಿತ್ತು, ಗ್ವಾಡೆ ಮ್ಯಾಲೈತೆ. ನಮ್ದು ಇಳ್ದೋಗೈತೆ. ಮುಂದಿನ್ ಸಲಕ್ಕೆ ಏರುಸ್ತೀವಿ.”

ಅಯ್ಯೋ ಅನ್ನಿಸಿತು. ಎಷ್ಟೋ ತಿಂಗಳಿಗೆ ನನಗೆ ಏನೋ ಒಂದು ಅನ್ನಿಸಿತ್ತು.

“ಕಂಪ್ಯೂಟರ್ ಆಫ್ ಮಾಡಮ್ಮ, ಮುಟ್ಟಬೇಡ. ಬರ್ತಾ ಇದೀನಿ” ಎಂದೆ.