ಸತ್ತವರಿಗೆ ಒಂದು ತೊಳೆ ಕಿತ್ತಳೆ

ಕಿತ್ತಳೆ ಸುಲಿಯುತ್ತಾ ತಮ್ಮನ ಮೊಮ್ಮಗನ ಮೊಬೈಲ್ ಆಟ ನೋಡುತ್ತಿದ್ದೆ. ಮಾಯಾಲೋಕ, ಕತ್ತಿ, ಬೆಂಕಿ ಉಗುಳುವ ಸರ್ಪ. ಚೆನ್ನಾಗಿದೆ, ಒಪ್ಪಿದೆ, ಚಿಕ್ಕಂದಿನ ಆಟಗಳಲ್ಲಿ ಇಂಥ ಸರ್ಪ ನನಗೂ ಹೊಳೆದಿರಲಿಲ್ಲ. ಆದರೆ ಸತ್ತವನು ಗುಂಡಿ ಒತ್ತಿದ ಕೂಡಲೇ ಎದ್ದುಬಿಡುತ್ತಾನೆ. ಅದು ಸಪ್ಪೆ.

ಆಗ ಸಿದ್ದಾಪುರದ ಹತ್ತಿರದ ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ನಮ್ಮಪ್ಪ. ಹಾಗಾಗಿ ನಮ್ಮ ಆಟದಲ್ಲಿ ನಾನೇ ರಾಜ, ಕಾಫಿ ಬುಟ್ಟಿಯೇ ಕಿರೀಟ. ನನ್ನ ಹಾಗೆ ಕತ್ತಿ ಬೀಸುವವರು ಆಳುಗಳ ಮನೆಸಾಲು, ಆ ಇಡೀ ಲೈನಿನಲ್ಲಿ ಇರಲಿಲ್ಲ. ಸಾಯುವುದರಲ್ಲಿ ಮಾತ್ರ ಪೊನ್ನಿಯನ್ನು ಮೀರಿಸಲಾಗಲಿಲ್ಲ. ಅವಳು ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಬಂದ ತಮಿಳರ ಮಗಳು. ಕಾಫಿ ಒಣಗಿಸುವ ಕಣದಲ್ಲಿ ಸತ್ತು ಬಿದ್ದರೆ ಮೂಗಿನ ಮೇಲೆ ಇರುವೆ ಹರಿದರೂ ಅಲುಗುತ್ತಿರಲಿಲ್ಲ. ಬಾಯಿಗೆ ಕಿತ್ತಳೆ ತೊಳೆ ಹಾಕಿದರಷ್ಟೇ ಜೀವ ಬರಬೇಕು ಎಂಬುದು ನಮ್ಮ ನಿಯಮ. ಹಣ್ಣಿಗೆ ಕೈ ಹಾಕಿದರೆ ಅಪ್ಪ ಜಗಲಿಯಿಂದಲೇ ಕೆಮ್ಮುತ್ತಿದ್ದರು.

ಪಿಕ್ಕಿಂಗ್ ಮುಗಿದ ದಿನ ಅವಳು ಸತ್ತು ಮಲಗಿದ್ದಾಗಲೇ ಅವರನ್ನು ಊರಿಗೆ ಒಯ್ಯುವ ಲಾರಿ ಬಂತು.

"ಪೊನ್ನೀ, ವಾಡೀ!" ಎಂದು ಅವಳ ಅಮ್ಮ ಕೂಗಿದಳು.

"ಏಯ್, ಏಳ್ಬೇಡ! ಹಣ್ಣು ಇನ್ನೂ ತಂದಿಲ್ಲ," ಎಂದೆ.

ಅವಳು ಲಂಗ ಕೊಡವಿಕೊಂಡು ಎದ್ದಳು. "ನಾನು ಸತ್ತೇ ಇರ್ತೀನಿ ರಾಜ. ಮುಂದಿನ ವರ್ಷ ಬಂದಾಗ ಬದುಕಿಸು."

ಮರುವರ್ಷ ಲಾರಿಯ ಸದ್ದು ಕೇಳಿ, ಇನ್ನೂ ಹಸಿರಾಗಿದ್ದ ಕಾಯನ್ನೇ ಕಿತ್ತು ಜೇಬಿಗಿಟ್ಟು ಓಡಿದೆ. ಅಂದು ಅಪ್ಪ ಜಗಲಿಯಿಂದ ಕಂಡರೂ ಕೆಮ್ಮಲಿಲ್ಲ. ಲಾರಿಯಿಂದ ಇಳಿದವರೆಲ್ಲ ಬೇರೆಯವರು. ಪೊನ್ನಿ ಮತ್ತೆ ಬರಲೇ ಇಲ್ಲ.

"ಅಜ್ಜ, ಇವ ಸತ್ತ. ಬದುಕಿಸ್ಲಾ?" ಎಂದ ಹುಡುಗ.

"ತಾ ಇಲ್ಲಿ ಮಾರಾಯ," ಎಂದು, ಸಪ್ಪೆ ಅಂದಿದ್ದ ಆ ಗುಂಡಿಯನ್ನು ನಾನೇ ಒತ್ತಿದೆ.