ಅಕ್ಕನ ಮಾತಿನ ಪೆಟ್ಟಿಗೆ

ನನ್ನ ಭಾವನ ವಿಷಯ ಬರೆಯಲು ಕೂತರೆ ಮೊದಲು ಬೈಗುಳ ಬರುತ್ತದೆ, ಬೈದು ಮುಗಿದ ಮೇಲೆ ಅಳು ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ಒದೆಯುವ ಪೈಕಿಯಲ್ಲ ನಮ್ಮ ಭಾವ, ಹಾಗಾಗಿ ಹೇಳಿಬಿಡುತ್ತೇನೆ.

ಅಕ್ಕ ಇವರನ್ನೇ ಮದುವೆಯಾಗುತ್ತೇನೆ ಎಂದು ಮನೆಗೆ ಕರೆತಂದ ದಿನ ಅಮ್ಮ ಊರು, ಕೆಲಸ, ಆರೋಗ್ಯ ಎಲ್ಲವನ್ನೂ ವಿಚಾರಿಸಿದಳು. ಈ ಮಹಾಶಯರು ಎಲ್ಲಕ್ಕೂ ‘ಹೂಂ’ ಅಂದರು. ಅವರು ಹೋದ ಮೇಲೆ ನಾನು, ‘ಎಲ್ಲಿಂದ ಹಿಡ್ಕೊಂಡು ಬಂದೆಯೇ ಈ ಗುಮ್ಮನ್ನ?’ ಎಂದು ಅಕ್ಕನನ್ನು ಕೇಳಿದೆ. ಹೆಸರು ಅಂಟಿಕೊಂಡಿತು. ಅಕ್ಕನೇನೂ ಬೇಸರಪಡಲಿಲ್ಲ. ಮನೆಯಲ್ಲಿ ಒಬ್ಬರಾದರೂ ಕೇಳಿಸಿಕೊಳ್ಳುವವರು ಬೇಕಲ್ಲ, ನಾವೆಲ್ಲ ಬರೀ ಬಾಯಿ ಎಂದಳು. ಅವಳು ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಇದ್ದವಳು. ಮೊಳೆ, ನಲ್ಲಿ, ಬಣ್ಣದ ಡಬ್ಬ ಏನು ಬೇಕಾದರೂ ಅಲ್ಲಿಂದಲೇ ಕೂಗಿದರೆ ಹಿಂದಿನ ಗೋದಾಮಿನವರು ಬಿಡಿ, ಎದುರು ಸಾಲಿನಲ್ಲಿದ್ದ ನನ್ನ ಹೊಲಿಗೆ ಅಂಗಡಿಗೂ ಕೇಳುತ್ತಿತ್ತು. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಅಮ್ಮ ಅವಳನ್ನು ಕಂಡೇ ಹೇಳುತ್ತಿದ್ದಳು.

ಭಾವನ ಕೆಲಸ ಆಸ್ಪತ್ರೆಗೆ ಬೇಕಾದ ಯಂತ್ರಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಅವರು ಡ್ರೈವರ್ ಬರೆಯುತ್ತಿದ್ದರು. ಡ್ರೈವರ್ ಎಂದರೆ ಸ್ಟಿಯರಿಂಗ್ ಹಿಡಿಯುವವನಲ್ಲ. ಯಂತ್ರದೊಳಗೆ ಎಲ್ಲವನ್ನೂ ಆಳುವ ಒಂದು ಪ್ರೋಗ್ರಾಂ ಇರುತ್ತದೆ, ಅದಕ್ಕೆ ಕರ್ನಲ್ ಎನ್ನುತ್ತಾರೆ. ಆ ಕರ್ನಲ್ಲಿಗೂ ಯಂತ್ರದ ಗುಂಡಿ, ಸ್ಪೀಕರು, ಮೆಮೊರಿಗಳಿಗೂ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವ ಪ್ರೋಗ್ರಾಮೇ ಡ್ರೈವರ್. ಮನೆಯಲ್ಲಿ ತುಟಿ ಪಿಟಕ್ ಅನ್ನದ ಮನುಷ್ಯ ಅಲ್ಲಿ ದಿನವಿಡೀ ಮಾಡುತ್ತಿದ್ದದ್ದು ಇದನ್ನೇ.

ಅಕ್ಕನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಉಸಿರಾಡಲು ಕತ್ತಿನಲ್ಲಿ ಒಂದು ತೂತು ಮಾಡಬೇಕು ಎಂದರು ಡಾಕ್ಟರು. ಅಕ್ಕನಿಗೆ ಮೊದಲು ನೆನಪಾದದ್ದು ಅಮ್ಮ. ಅಮ್ಮನಿಗೆ ಆಗಲೇ ಎರಡೂ ಕಣ್ಣು ಹೋಗಿದ್ದವು, ಹೃದಯವೂ ಸೋತಿತ್ತು. ದೊಡ್ಡ ಆಘಾತ ಯಾವುದೂ ಅವಳಿಗೆ ಆಗಬಾರದು ಎಂಬ ಎಚ್ಚರಿಕೆ ಇತ್ತು. ನನ್ನ ಮನೆಯ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ, ದೊಡ್ಡ ಮಗಳು ದಿನಾ ಸಂಜೆ ಬಂದು ಮಾತಾಡುವುದಕ್ಕೆ ಕಾಯುವುದೇ ಅವಳ ಬದುಕಾಗಿತ್ತು. ಕಾಯಿಲೆಯ ವಿಷಯ ಅಮ್ಮನಿಗೆ ತಿಳಿಯಕೂಡದು ಎಂದು ಅಕ್ಕ ನನ್ನಿಂದ ಆಣೆ ಹಾಕಿಸಿಕೊಂಡಳು.

ಮಾತು ಹೋದವರಿಗಾಗಿ ಒಂದು ಪೆಟ್ಟಿಗೆ ಭಾವನ ಕಾರ್ಖಾನೆಯಲ್ಲೇ ತಯಾರಾಗುತ್ತಿತ್ತು. ಅಂಗೈ ಅಗಲದ್ದು. ಮೊದಲೇ ನಮ್ಮ ಧ್ವನಿಯಲ್ಲಿ ಮಾತು ತುಂಬಿಸಿಟ್ಟರೆ, ಗುಂಡಿ ಒತ್ತಿದಾಗ ಅದೇ ಧ್ವನಿಯಲ್ಲಿ ನುಡಿಯುತ್ತದೆ. ಆಪರೇಷನ್ನಿಗೆ ಮುಂಚೆ ಭಾವ ಮಲಗುವ ಕೋಣೆಯ ಗೋಡೆಗೆಲ್ಲ ಕಂಬಳಿ ತೂಗುಹಾಕಿ, ಹೊರಗಿನ ಸದ್ದು ಬರದ ಹಾಗೆ ಮಾಡಿ, ಅಕ್ಕನನ್ನು ಕೂರಿಸಿ ಮಾತು ತುಂಬಿಸಿದರು. ಬೈಗುಳಗಳನ್ನೇ ಮೊದಲು ತುಂಬಿಸೋಣ, ಈ ಮನುಷ್ಯನ ಜೊತೆ ಅವೇ ಜಾಸ್ತಿ ಬೇಕಾಗೋದು ಎಂದು ಅವಳು ನಗಿಸಿದಳು. ಆಮೇಲೆ ಅಮ್ಮನಿಗೆಂದೇ ಬೇಕಾದವು: ಅಮ್ಮಾ ನಾನೇ ಬಂದೆ, ಮಾತ್ರೆ ತಗೊಂಡ್ಯಾ, ಇವತ್ತು ಅಂಗಡೀಲಿ ಏನಾಯ್ತು ಗೊತ್ತಾ. ಒಂದೊಂದನ್ನೂ ನಾಲ್ಕಾರು ರಾಗದಲ್ಲಿ ಹೇಳಿಟ್ಟಳು. ಅಂಗಡಿಯ ಕತೆಗಳನ್ನೇ ಎಷ್ಟೋ ತುಂಬಿಸಿದಳು.

ಆ ಪೆಟ್ಟಿಗೆ ನಮ್ಮ ಮರ್ಯಾದೆ ಉಳಿಸಿತು. ಆಪರೇಷನ್ ಆಗಿ ಅಕ್ಕ ಮತ್ತೆ ಅಮ್ಮನ ಬಳಿ ಕೂತು ಗುಂಡಿ ಒತ್ತಿದಾಗ ನಾನು ಅಡುಗೆಮನೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೆ. ಅಮ್ಮನಿಗೆ ಗೊತ್ತಾಗಲಿಲ್ಲ. ಇತ್ತೀಚೆಗೆ ಇವಳ ಮಾತು ಕಡಿಮೆಯಾಗಿದೆ, ಗಂಡನ ಗಾಳಿ ಬೀಸಿದೆ ಎಂದು ದೂರಿದಳು, ಅಷ್ಟೇ. ನಾವು ಮೂವರೂ ಹೊರಗೆ ಬಂದು, ಭಾವನೂ ಸೇರಿ, ನಕ್ಕೆವು.

ಇಷ್ಟಾಗಿದ್ದರೆ ಸಾಕಿತ್ತು. ಗುಂಡಿ ಒತ್ತಿದ ಮೇಲೆ ಮಾತು ಬರುವುದು ಒಂಚೂರು ತಡವಾಗುತ್ತದೆ ಎಂದು ಅಕ್ಕ ಒಮ್ಮೆ ಬರೆದು ತೋರಿಸಿದಳು. ಹೆಂಡತಿ ಕೇಳಿದ ಮೇಲೆ ಮುಗಿಯಿತು, ಭಾವ ಕೂತು ಡ್ರೈವರಿಗೆ ಕೈ ಹಾಕಿದರು.

ನಡೆದದ್ದನ್ನು ಅವರು ನನಗೆ ಆಮೇಲೆ ವಿವರಿಸಿದ್ದು ಹೀಗೆ. ನನ್ನ ಅಂಗಡಿಯಲ್ಲಿ ಒಬ್ಬೊಬ್ಬ ಗಿರಾಕಿಯ ಬಟ್ಟೆಗೂ ಒಂದೊಂದು ಚೀಲ ಇರುವ ಹಾಗೆ, ಕರ್ನಲ್ ಪ್ರತಿಯೊಂದು ಭಾಗಕ್ಕೂ ಒಂದು ಖಾಸಗಿ ಚೀಲ ಕೊಡುತ್ತದೆ. ಗುಂಡಿಗಳ ಲೆಕ್ಕಾಚಾರ ಒಂದರಲ್ಲಿ, ಧ್ವನಿಯ ಮೆಮೊರಿಯ ಲೆಕ್ಕಾಚಾರ ಇನ್ನೊಂದರಲ್ಲಿ. ಆದರೆ ಚೀಲ ಎಲ್ಲಿದೆ ಎಂಬುದಷ್ಟೇ ಕರ್ನಲ್ಲಿಗೆ ಗೊತ್ತು, ಒಳಗೆ ಎಂಥದ್ದಿದೆ ಎಂಬುದು ಗೊತ್ತಿಲ್ಲ. ಬಂದವನು ಇದು ನನ್ನ ಜಾತಿಯದ್ದು ಎಂದರೆ ಕೊಟ್ಟುಬಿಡುತ್ತದೆ. ಬಳಸದಿದ್ದಾಗ ಪೆಟ್ಟಿಗೆ ಬ್ಯಾಟರಿ ಉಳಿಸಲು ನಿದ್ದೆಗೆ ಜಾರುತ್ತದೆ, ಎಚ್ಚರಾಗುವುದಕ್ಕೇ ಆ ತಡ. ಹಾಗೆ ನಿದ್ದೆಗೆ ಜಾರುವ ಜಾಗದಲ್ಲಿ ಭಾವ ಗುಂಡಿಗಳಿಗೆ ಬರೆದಿದ್ದ ಸಾಲುಗಳನ್ನೇ ನಕಲು ಮಾಡಿ ಧ್ವನಿಗೂ ಅಂಟಿಸಿದ್ದರು. ಧ್ವನಿಯ ಚೀಲವನ್ನು ಗುಂಡಿಯ ಚೀಲ ಎಂದು ಬಿಚ್ಚಿದ್ದರು. ಗುಂಡಿಯ ಲೆಕ್ಕ ಎಲ್ಲಿ ಬರೆದಿಡಬೇಕು ಎಂದು ಹುಡುಕಿದ ಕಡೆ ಅಕ್ಕನ ಮಾತು ಎಲ್ಲಿಂದ ಶುರುವಾಗುತ್ತದೆ ಎಂಬ ಗುರುತು ಇತ್ತು. ಪೆಟ್ಟಿಗೆ ಪ್ರತಿ ಸಲ ಮಲಗಿದಾಗಲೂ ಅಲ್ಲಿಗೇ ಹೋಗಿ ಅವಳ ಮಾತಿನ ಮೇಲೆ ಬರೆಯಿತು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ತಪ್ಪು ಹಿಡಿಯಬೇಕಾದ ಕಂಪೈಲರ್ ಚಕಾರ ಎತ್ತಲಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ.

‘ಅಲ್ಲಾ ಭಾವ, ಚೀಟಿ ನೋಡ್ದೆ ನಾನು ಒಂದು ಲಂಗಾನೂ ಕೊಡಲ್ವಲ್ಲ!’ ಅಂದೆ.

‘ಹೂಂ,’ ಅಂದರು.

ಅಕ್ಕನ ಮಾತಿನಲ್ಲಿ ಕರಕರ ಸದ್ದು ಬರತೊಡಗಿದಾಗ ಸ್ಪೀಕರಿಗೆ ಅಂಗಡಿಯ ಧೂಳು ಹೊಕ್ಕಿದೆ ಎಂದುಕೊಂಡು ಅವಳು ಒದ್ದೆ ಬಟ್ಟೆಯಿಂದ ಒರೆಸುತ್ತಾ ಇದ್ದಳು. ಭಾವನಿಗೆ ಗೊತ್ತಾಗುವ ಹೊತ್ತಿಗೆ ಒಂದು ಮಾತೂ ಉಳಿದಿರಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಪೆಟ್ಟಿಗೆಯಲ್ಲಿ ಏನಿದೆಯೋ ಅದನ್ನೇ ದಿನಾ ತಾನಾಗಿ ನಕಲು ಮಾಡಿಕೊಳ್ಳುವ ಹಾಗೆ ಭಾವನೇ ಏರ್ಪಾಡು ಮಾಡಿದ್ದರು, ಅದು ಒಳ್ಳೆಯದರ ಮೇಲೆ ಕೆಟ್ಟದ್ದನ್ನು ನಿಷ್ಠೆಯಿಂದ ನಕಲು ಮಾಡಿಕೊಂಡಿತ್ತು. ದೀಪದ ಬುಡದಲ್ಲೇ ಕತ್ತಲು. ಅವರು ಆ ಕರಕರ ಸದ್ದನ್ನೇ ಕಿವಿಗೆ ಹಚ್ಚಿಕೊಂಡು ಕೂತದ್ದನ್ನು ನಾನು ನೋಡಿದ್ದೇನೆ. ಅಲ್ಲೆಲ್ಲೋ ಒಂದು ‘ಅಮ್ಮಾ’ ಸಿಕ್ಕೀತೇ ಎಂದು ಹುಡುಕುತ್ತಿದ್ದರು.

ನಾನು ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಬೈಯಲಿಲ್ಲ. ಕಾರ್ಖಾನೆಯವರು ಯಾರೋ ಹೆಂಗಸಿನ ಧ್ವನಿ ಹಾಕಿದ ಪೆಟ್ಟಿಗೆ ಕೊಟ್ಟರು. ಟೈಪ್ ಮಾಡಿದ್ದನ್ನೆಲ್ಲ ಅದು ಮಾತಾಡುತ್ತಿತ್ತು. ಅಕ್ಕ ಅದಕ್ಕೆ ಸವತಿ ಎಂದು ಹೆಸರಿಟ್ಟಳು. ‘ಗುಮ್ಮ ನನಗೆ ಸವತಿ ತಂದಿದ್ದಾರೆ’ ಎಂದು ಸವತಿಯ ಬಾಯಲ್ಲೇ ಹೇಳಿಸಿದಳು. ಭಾವ ಎದ್ದು ಹೊರಗೆ ಹೋದರು. ಅವರ ಮನಸ್ಸು ಹಗುರವಾಗಲಿ ಎಂದು ಆಡಿದ ತಮಾಷೆ ಅದು.

ಆಮೇಲೆ ಭಾವ ಹಟ ಹಿಡಿದರು. ಚೀಲದ ಜೊತೆಗೇ ಅದರ ಜಾತಿಯ ಗುರುತನ್ನೂ ಕರ್ನಲ್ ಇಟ್ಟುಕೊಳ್ಳಬೇಕು, ಯಾರಾದರೂ ಕೇಳಿದಾಗ ಗುರುತು ತಾಳೆ ನೋಡಬೇಕು, ತಾಳೆಯಾಗದಿದ್ದರೆ ಇಲ್ಲ ಎನ್ನಬೇಕು. ಇಷ್ಟನ್ನು ಬರೆದು, ಎಲ್ಲೆಲ್ಲಿಯ ಎಷ್ಟೋ ಯಂತ್ರಗಳಲ್ಲಿ ಇರುವ ಆ ಕರ್ನಲ್ ನೋಡಿಕೊಳ್ಳುವ ದೂರದೂರದ ಜನಕ್ಕೆ ಕಳಿಸಿದರು. ಅನಗತ್ಯ ಎಂದರು ಅವರು, ನಿಧಾನವಾಗುತ್ತದೆ ಎಂದರು, ಬರೆಯುವವನು ಎಚ್ಚರವಾಗಿದ್ದರೆ ಸಾಕಲ್ಲ ಎಂದರು. ಭಾವ ತಿದ್ದಿ ತಿದ್ದಿ ಮತ್ತೆ ಕಳಿಸಿದರು. ಕೊನೆಗೆ ಆ ಜನ ಒಪ್ಪಿದರು. ಇದು ಯಾಕೆ ಬೇಕು ಎಂದು ಕಾರಣ ಬರೆಯುವ ಜಾಗದಲ್ಲಿ ಭಾವ ಏನು ಬರೆದಿದ್ದರು ಎಂದು ನಾನು ಓದಿಸಿ ಕೇಳಿದೆ: ಒಂದು ಸಾಧನದಲ್ಲಿ ಮಾಹಿತಿ ನಷ್ಟವಾಗಿತ್ತು. ಅಷ್ಟೇ! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು ಭಾವ ಎಂದೆ. ಬೇರೆಯವರ ಕೋಟೆ ಇನ್ನೂ ಇದೆಯಲ್ಲ ಎಂದರು ಮೆಲ್ಲಗೆ.

ಇತ್ತ ಅಮ್ಮ. ಅಕ್ಕ ದೂರದ ಊರಿನ ಅಂಗಡಿಗೆ ಹೋಗಿದ್ದಾಳೆ ಎಂದು ನಾನು ಸುಳ್ಳು ಹೇಳಿದ್ದೆ. ನಿಜ ಹೇಳಿಬಿಡೋಣ ಎಂದರೆ ಅಕ್ಕ ಬೇಡವೆಂದು ಕೈ ಮುಗಿಯುತ್ತಿದ್ದಳು. ಅವಳು ದಿನಾ ಸಂಜೆ ಬರುತ್ತಿದ್ದಳು, ಸದ್ದಿಲ್ಲದೆ ಅಮ್ಮನ ಕಾಲ ಬಳಿ ಕೂತು ಕಾಲು ಒತ್ತುತ್ತಿದ್ದಳು. ಕಾಯಿಲೆಯಲ್ಲಿ ಸೊರಗಿ ಅವಳ ಕೈ ಕಡ್ಡಿಯಾಗಿತ್ತು, ಅಮ್ಮನಿಗೆ ಗುರುತು ಹತ್ತಲಿಲ್ಲ. ಯಾರೆಂದು ಕೇಳಿದಾಗ ನರ್ಸು ಎಂದೆ. ಈ ನರ್ಸಮ್ಮ ಒಳ್ಳೆಯವಳು, ಆದರೆ ಪಾಪ ಮಾತೇ ಆಡುವುದಿಲ್ಲ ಎಂದಳು ಅಮ್ಮ. ಆಮೇಲೆ ಆ ನರ್ಸಮ್ಮನ ಮುಂದೆಯೇ ದೊಡ್ಡ ಮಗಳ ದೂರು ಹೇಳಿಕೊಂಡಳು. ಏನು ತಪ್ಪು ಮಾಡಿದೆನೋ, ಒಂದು ಫೋನೂ ಇಲ್ಲ ಎಂದು ಅತ್ತಳು. ಅಕ್ಕ ಕಾಲು ಒತ್ತುತ್ತಲೇ ಇದ್ದಳು. ಆ ಹೊತ್ತಿನಲ್ಲಿ ನಾನು ಮನೆಯೊಳಗೆ ಇರಲಾರದೆ ಅಂಗಡಿಗೆ ಓಡುತ್ತಿದ್ದೆ.

ಅಮ್ಮನಿಗೆ ಉಸಿರಾಟ ಕಷ್ಟವಾಯಿತು. ಇನ್ನು ಮನೆಯಲ್ಲೇ ಇರಲಿ, ಹತ್ತಿರದವರನ್ನು ಕರೆಸಿ ಎಂದರು ಡಾಕ್ಟರು. ಅಂದು ಮಧ್ಯಾಹ್ನ ನಾವೆಲ್ಲ ಮಂಚದ ಸುತ್ತ ಇದ್ದೆವು. ಅಕ್ಕ ತನ್ನ ಜಾಗದಲ್ಲಿ, ಕಾಲ ಬಳಿ. ಭಾವ ಬಾಗಿಲಲ್ಲಿ. ಅಮ್ಮ ಕೇಳುತ್ತಿದ್ದದ್ದು ಒಂದೇ, ದೊಡ್ಡವಳು ಬಂದಳಾ.

ಅಕ್ಕ ತಾನೇ ಹಾಕಿಸಿದ್ದ ಆಣೆಯನ್ನೆಲ್ಲ ಮರೆತು ಟೈಪ್ ಮಾಡಿದಳು. ‘ಅಮ್ಮಾ, ನಾನೇ ಬಂದೆ,’ ಎಂದಳು ಸವತಿ.

‘ಯಾರಮ್ಮಾ ನೀವು?’ ಎಂದಳು ಅಮ್ಮ, ಬಹಳ ಮರ್ಯಾದೆಯಿಂದ. ‘ನನ್ನ ಮಗಳನ್ನ ಸ್ವಲ್ಪ ಕಳಿಸಿ.’

ಫೋನಿನಲ್ಲಿ ನನ್ನದೂ ಅಕ್ಕನದೂ ಒಂದೇ ಧ್ವನಿ ಎಂದು ಗಿರಾಕಿಗಳು ಮೋಸ ಹೋಗುತ್ತಿದ್ದದ್ದುಂಟು. ನಾನು ಅಮ್ಮನ ಕಿವಿಯ ಬಳಿ ಬಾಗಿ ಅಕ್ಕನ ರಾಗದಲ್ಲೇ ಅಂದೆ, ‘ಅಮ್ಮಾ, ನಾನೇ ಕಣೇ, ದೊಡ್ಡೋಳು.’

ಅಮ್ಮ ನನ್ನ ಕೆನ್ನೆ ಸವರಿದಳು. ‘ನೀನು ಚಿಕ್ಕೋಳು. ಹೆತ್ತೋಳಿಗೆ ಗೊತ್ತಾಗಲ್ವಾ? ಅವಳೆಲ್ಲೇ?’

ಭಾವ ಒಳಗೆ ಬಂದು ಮಂಚದ ಪಕ್ಕ ಮೊಣಕಾಲೂರಿ, ‘ಅತ್ತೆ,’ ಎಂದರು. ಅಷ್ಟಕ್ಕೇ ಅಮ್ಮನ ಮುಖ ಬೆಳಗಿತು. ಅಳಿಯ ಬಂದಿದ್ದಾನೆಂದರೆ ಮಗಳೂ ಬಂದಿರಲೇಬೇಕು.

‘ಬಂದ್ರಾ ಅಳಿಯಂದ್ರೇ? ಅವಳು ನನ್ನ ಮೇಲೆ ಕೋಪ ಮಾಡ್ಕೊಂಡು ಹೊರಗೇ ನಿಂತಿರ್ತಾಳೆ. ನೀವು ಕರೀರಿ, ನಿಮ್ಮ ಮಾತಿಗೆ ಬರ್ತಾಳೆ.’

ಭಾವ ಅಕ್ಕನನ್ನು ನೋಡಿದರು. ಅವಳು ಅಮ್ಮನ ಪಾದಕ್ಕೆ ಕೆನ್ನೆ ಒತ್ತಿಕೊಂಡು, ಕರೀರಿ ಎಂದು ತಲೆಯಾಡಿಸಿದಳು.

‘ಏನೇ, ಅಮ್ಮ ಕರೀತಿದಾರೆ. ಬಾರೇ,’ ಎಂದರು ಭಾವ.

ಅಕ್ಕ ಬಾಯಿ ತೆರೆದಳು. ಕತ್ತಿನ ತೂತಿನಿಂದ ಬರೀ ಗಾಳಿ ಬಂತು. ಅಮ್ಮ ಬಾಗಿಲ ಕಡೆಗೆ ಮುಖ ತಿರುಗಿಸಿ, ಕಿವಿಗೊಟ್ಟು, ಸ್ವಲ್ಪ ಹೊತ್ತು ಕಾದಳು.

‘ಕೇಳಿಸ್ಲಿಲ್ಲ ಅನ್ಸುತ್ತೆ ಅವಳಿಗೆ,’ ಎಂದಳು. ‘ಇನ್ನೂ ಸ್ವಲ್ಪ ಜೋರಾಗಿ ಕರೀರಿ.’

ಭಾವ ಕರೆದರು.